ಕಂಬದ ಎಸಳು ತಿರುಚದಂತೆ: ಮನೆಯ ಸಿಎನ್‌ಸಿಗೆ ರೋಟರಿ ಅಕ್ಷ

ಓದುಗರ ಪ್ರಶ್ನೆ: ನಾನು ಸಾಗರದವನು. ನನ್ನ ಹತ್ತಿರ 600 × 400 ಮಿ.ಮೀ. ಜಾಗದ ಚಿಕ್ಕ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಇದೆ. ದೇವರ ಮನೆಯ ಮಂಟಪಕ್ಕೆ ಸಾಗುವಾನಿಯಲ್ಲಿ 60 ಮಿ.ಮೀ. ದಪ್ಪ, 250 ಮಿ.ಮೀ. ಉದ್ದದ ಕಂಬಗಳನ್ನು ಬಳ್ಳಿ, ಎಸಳು ಸಮೇತ ಕೊರೆಯಬೇಕೆಂದಿದ್ದೇನೆ. ಅದಕ್ಕೆ ಮರವನ್ನು ತಿರುಗಿಸುವ ರೋಟರಿ ಅಕ್ಷ ಬೇಕು. ಆಗೊಮ್ಮೆ ಈಗೊಮ್ಮೆ ಹಳೆಯ ಗೋಡೆ ಗಡಿಯಾರಕ್ಕೆ ಹಿತ್ತಾಳೆ ಗೇರು ಮಾಡುವ ಆಸೆಯೂ ಇದೆ. ಸ್ಟೆಪ್ಪರ್ ಮೋಟಾರಿಗೆ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರು) ನೇರವಾಗಿ ಚಕ್ (ಮರವನ್ನು ಹಿಡಿಯುವ ದವಡೆ) ಸಿಕ್ಕಿಸಿ, ಮೈಕ್ರೋಸ್ಟೆಪ್ 32ಕ್ಕೆ ಇಟ್ಟರೆ ಸಾಕು ಎನ್ನುತ್ತಾನೆ ಒಬ್ಬ ಗೆಳೆಯ. ಹಳೆಯ ರೋಟರಿ ಟೇಬಲ್ ಕೊಂಡು ಮೋಟಾರು ಕೂರಿಸು ಎನ್ನುತ್ತಾನೆ ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಕೆಲಸಕ್ಕೆ ಎರಡೂ ಒಗ್ಗುವುದಿಲ್ಲ. ನೇರ ಜೋಡಣೆ ತೀರಾ ಮೆತ್ತಗೆ, ರೋಟರಿ ಟೇಬಲ್ ತೀರಾ ನಿಧಾನ. ನಡುವೆ ಹಲ್ಲಿನ ಬೆಲ್ಟ್ ಹಾಕಿ, ಮೋಟಾರು ಆರು ಅಥವಾ ಒಂಬತ್ತು ಸುತ್ತು ಬಂದಾಗ ಚಕ್ ಒಂದು ಸುತ್ತು ಬರುವಂತೆ ಮಾಡಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದು ತಿಳಿದರೆ ಮುಂದೆ ನಿಮ್ಮ ಅಳತೆಗಳು ಬದಲಾದಾಗ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ಮೊದಲು ಮೈಕ್ರೋಸ್ಟೆಪ್ ವಿಚಾರ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಒಂದೊಂದು 1.8 ಡಿಗ್ರಿ. 32 ಮೈಕ್ರೋಸ್ಟೆಪ್ ಅಂದರೆ ಪ್ರತಿ ಹೆಜ್ಜೆಯನ್ನೂ 32 ತುಂಡು ಮಾಡುವುದು, ಸುತ್ತಿಗೆ 6,400 ಹೆಜ್ಜೆ. ನಿಮ್ಮ ಗೆಳೆಯರ ಲೆಕ್ಕ ತಪ್ಪಲ್ಲ, ಆದರೆ ಅದು ಕಟರ್ ಮರ ಮುಟ್ಟುವ ಮೊದಲಿನ ಲೆಕ್ಕ. ಮೋಟಾರಿನ ಒಳಗೆ ರೋಟರನ್ನು ಹಿಡಿದಿರುವುದು ಕಾಂತದ ಸೆಳೆತ. ಅದು ಸ್ಪ್ರಿಂಗಿನಂತೆ ವರ್ತಿಸುತ್ತದೆ: ಪಕ್ಕಕ್ಕೆ ಸ್ವಲ್ಪ ವಾಲಿದ ಮೇಲೆಯೇ ಎದುರು ಬಲ ಹುಟ್ಟುವುದು. ವಾಲದೆ ಬಲವೇ ಇಲ್ಲ.

ಎಷ್ಟು ವಾಲುತ್ತದೆ? ಅಂಗಡಿಯಲ್ಲಿ ಸಿಗುವ ನೀಮಾ 23 ಅಳತೆಯ ಮೋಟಾರೊಂದರ ಹಿಡಿತ 12 ಕೆ.ಜಿ. ಸೆಂ.ಮೀ. (ಕೇಂದ್ರದಿಂದ 1 ಸೆಂ.ಮೀ. ದೂರದಲ್ಲಿ 12 ಕೆ.ಜಿ. ತಡೆಯುವಷ್ಟು) ಎಂದಿಟ್ಟುಕೊಳ್ಳಿ. ನಿಮ್ಮ ಕಂಬದ ತ್ರಿಜ್ಯ 3 ಸೆಂ.ಮೀ. ಕಟರ್ ಪಕ್ಕಕ್ಕೆ 2 ಕೆ.ಜಿ. ಬಲದಿಂದ ತಳ್ಳಿದರೆ (ಸಾಗುವಾನಿಯ ಗಂಟು ಸಿಕ್ಕಿದ ಕಡೆ ಇದು ದೊಡ್ಡದೇನಲ್ಲ) ಮೋಟಾರಿನ ಮೇಲೆ 6 ಕೆ.ಜಿ. ಸೆಂ.ಮೀ. ಬೀಳುತ್ತದೆ, ಅಂದರೆ ಹಿಡಿತದ ಅರ್ಧ. ಆಗ ರೋಟರು ಒಂದು ಪೂರ್ತಿ ಹೆಜ್ಜೆಯ ಮೂರನೇ ಒಂದು ಪಾಲು, ಅಂದರೆ 0.6 ಡಿಗ್ರಿ ವಾಲುತ್ತದೆ. 30 ಮಿ.ಮೀ. ತ್ರಿಜ್ಯದಲ್ಲಿ ಅದು 0.3 ಮಿ.ಮೀ. ಮೈಕ್ರೋಸ್ಟೆಪ್ಪನ್ನು 32ರ ಬದಲು 256ಕ್ಕೆ ಇಟ್ಟರೂ ಈ 0.3ರಲ್ಲಿ ಒಂದು ಕೂದಲೆಳೆಯೂ ಕಡಿಮೆಯಾಗುವುದಿಲ್ಲ. ಎಳೆ ಹಿಡಿದು ಕೊರೆದಾಗ ಒಂದು ಕಡೆಗೆ, ಎಳೆಗೆ ಅಡ್ಡ ಕೊರೆದಾಗ ಇನ್ನೊಂದು ಕಡೆಗೆ ವಾಲಿ, ಎಸಳಿನ ಅಂಚು ಇಲಿ ಕಡಿದ ಹಾಗೆ ಬರುತ್ತದೆ.

ಈಗ ಆರಕ್ಕೆ ಒಂದರ ಬೆಲ್ಟ್ ಹಾಕಿ ನೋಡಿ. ಅದೇ 2 ಕೆ.ಜಿ. ಬಲ ಮೋಟಾರಿನ ಹತ್ತಿರ ಬರುವಷ್ಟರಲ್ಲಿ ಆರರಲ್ಲಿ ಒಂದು ಪಾಲಾಗಿರುತ್ತದೆ. ಹಾಗಾಗಿ ಮೋಟಾರು ವಾಲುವುದೂ ಕಡಿಮೆ, ಸುಮಾರು 0.1 ಡಿಗ್ರಿ. ಆ ವಾಲು ಚಕ್ಕಿಗೆ ತಲುಪುವಾಗ ಮತ್ತೆ ಆರರಿಂದ ಭಾಗವಾಗುತ್ತದೆ. ಎರಡು ಸಲ ಭಾಗ ಹೋಗಿ ವಾಲು ಒಟ್ಟು 36 ಪಟ್ಟಿಗಿಂತಲೂ ಹೆಚ್ಚೇ ಇಳಿಯಿತು: 0.3 ಮಿ.ಮೀ. ಇದ್ದದ್ದು 0.008 ಮಿ.ಮೀ.ಗೆ ಇಳಿಯುತ್ತದೆ. ಬೆಲ್ಟ್ ಹಿಗ್ಗುವುದು ಇದರ ಮೇಲೆ ಸೇರುತ್ತದೆ ನಿಜ, ಆದರೂ ಎರಡಕ್ಕೂ ಹೋಲಿಕೆಯೇ ಇಲ್ಲ. ರೋಟರಿ ಅಕ್ಷದಲ್ಲಿ ನಾನು ಮೊದಲು ನೋಡುವುದು ಈ ಬಿಗಿಯನ್ನು. ಹೆಜ್ಜೆಗಳ ಎಣಿಕೆ ಆಮೇಲೆ.

ನನ್ನ ಮಾತನ್ನು ನಂಬಬೇಡಿ, ಅಳೆದು ನೋಡಿ. ಗೆಳೆಯರ ಮೋಟಾರನ್ನೇ ತಂದು ಬೆಂಚಿಗೆ ಕಟ್ಟಿ ಕರೆಂಟು ಕೊಡಿ. ಶಾಫ್ಟಿಗೆ ಒಂದು ಅಲ್ಯೂಮಿನಿಯಂ ಪಟ್ಟಿ ಬಿಗಿದು, ಕೇಂದ್ರದಿಂದ 100 ಮಿ.ಮೀ. ದೂರದಲ್ಲಿ ಡಯಲ್ ಗೇಜಿನ ಮೂತಿ ತಾಗಿಸಿ. ಅದೇ ಜಾಗಕ್ಕೆ ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ 600 ಗ್ರಾಂ ತೋರಿಸುವವರೆಗೆ ಮೆಲ್ಲಗೆ ಎಳೆಯಿರಿ. 12 ಕೆ.ಜಿ. ಸೆಂ.ಮೀ. ಮೋಟಾರಾದರೆ ಮುಳ್ಳು 1 ಮಿ.ಮೀ. ದಾಟುತ್ತದೆ. ಬಿಟ್ಟರೆ ಹೆಚ್ಚುಕಡಿಮೆ ವಾಪಸ್ಸು ಬರುತ್ತದೆ. ಹಾಗೆ ಎಳೆದಷ್ಟೂ ಸರಿದು, ಬಿಟ್ಟಾಗ ಹಿಂದಿರುಗುವುದು ಮೆತ್ತನೆಯ ಲಕ್ಷಣ. ಎಳೆದ ಕೂಡಲೇ ಬಲವಿಲ್ಲದೆ ಸರಿದು, ಬಿಟ್ಟರೂ ಅಲ್ಲೇ ನಿಂತರೆ ಅದು ಲೂಸು, ಬ್ಯಾಕ್‌ಲ್ಯಾಶ್. ಎರಡೂ ಬೇರೆ ಬೇರೆ ಕಾಯಿಲೆ, ಔಷಧವೂ ಬೇರೆ. ಅಕ್ಷ ಪೂರ್ತಿ ಕಟ್ಟಿದ ಮೇಲೆ ಇದೇ ಪರೀಕ್ಷೆಯನ್ನು ಚಕ್ಕಿಗೆ ಪಟ್ಟಿ ಹಿಡಿಸಿ ಮಾಡಿ. ಆಗ ಅಲ್ಲಿ 0.1 ಮಿ.ಮೀ. ಅಂದರೆ ಅಕ್ಷ 0.057 ಡಿಗ್ರಿ ಸರಿದಿದೆ ಎಂದರ್ಥ.

ಇನ್ನು ಹಳೆಯ ರೋಟರಿ ಟೇಬಲ್. ಅದರೊಳಗೆ ವರ್ಮ್ ಗೇರು (ಸ್ಕ್ರೂವಿನಂಥ ವರ್ಮ್ ಹಲ್ಲಿನ ಚಕ್ರವನ್ನು ತಿರುಗಿಸುವ ಜೋಡಣೆ) ಇರುತ್ತದೆ, ಸಾಮಾನ್ಯವಾಗಿ 72ಕ್ಕೆ 1 ಅಥವಾ 90ಕ್ಕೆ 1. ಕೈಯಲ್ಲಿ ತಿರುಗಿಸಿ, ನಿಲ್ಲಿಸಿ, ಲಾಕ್ ಮಾಡಿ ಕೊರೆಯಲು ಮಾಡಿದ ಉಪಕರಣ ಅದು, ಆ ಕೆಲಸದಲ್ಲಿ ಬಹಳ ಗಟ್ಟಿ. ನಿಮ್ಮ ಕಂಬದ ಕೆಲಸವೇ ಬೇರೆ. 250 ಮಿ.ಮೀ. ಉದ್ದವನ್ನು ಸುತ್ತಿಗೆ 0.3 ಮಿ.ಮೀ. ಮುಂದೆ ಹೋಗುತ್ತಾ ಸುರುಳಿಯಾಗಿ ಕೊರೆದರೆ 833 ಸುತ್ತು ಆಗುತ್ತದೆ. 90ರ ವರ್ಮ್ ಆದರೆ ಒಂದು ಕಂಬಕ್ಕೆ ವರ್ಮ್ ಸುಮಾರು 75,000 ಸುತ್ತು ತಿರುಗಬೇಕು! ಮಂಟಪಕ್ಕೆ ನಾಲ್ಕು ಕಂಬ. ಕೈ ಹಿಡಿಕೆಗೆಂದು ಮಾಡಿದ ವರ್ಮ್ ಅಷ್ಟಕ್ಕೆಲ್ಲ ಸವೆಯುತ್ತದೆ, ಸವೆದಷ್ಟೂ ಲೂಸು ಹೆಚ್ಚುತ್ತದೆ. ಸಮಯದ ಲೆಕ್ಕವೂ ಇದೆ. ಕಂಬದ ಸುತ್ತಳತೆ 188 ಮಿ.ಮೀ. ನಿಮಿಷಕ್ಕೆ 2,000 ಮಿ.ಮೀ. ವೇಗದಲ್ಲಿ ಕೊರೆದರೆ ಚಕ್ ನಿಮಿಷಕ್ಕೆ 10.6 ಸುತ್ತು ತಿರುಗಬೇಕು, ಕಂಬ 80 ನಿಮಿಷದೊಳಗೆ ಮುಗಿಯುತ್ತದೆ. ಮೋಟಾರನ್ನು ನಿಮಿಷಕ್ಕೆ 600 ಸುತ್ತು ಓಡಿಸಿದರೂ 90ರ ವರ್ಮಿನಲ್ಲಿ ಚಕ್ಕಿಗೆ ಸಿಗುವುದು ಆರೂಮುಕ್ಕಾಲು ಸುತ್ತೂ ಇಲ್ಲ. ಅದೇ ಕಂಬಕ್ಕೆ ಎರಡು ಗಂಟೆಯ ಮೇಲೆ ಹಿಡಿಯುತ್ತದೆ.

ಹಾರ್ಮೋನಿಕ್ ಡ್ರೈವ್ ಎಂಬ ಮೂರನೇ ದಾರಿಯೂ ಇದೆ. ಅಮೆರಿಕದ ವಾಲ್ಟನ್ ಮಸರ್ ಅದಕ್ಕೆ 1959ರಲ್ಲಿ ಪೇಟೆಂಟ್ ಪಡೆದರು. ಬಾಗುವ ತೆಳು ಬಟ್ಟಲಿನ ಹೊರಗೆ 200 ಹಲ್ಲು, ಸುತ್ತಲಿನ ಬಳೆಯ ಒಳಗೆ 202 ಹಲ್ಲು. ಆ ಎರಡು ಹಲ್ಲಿನ ವ್ಯತ್ಯಾಸದಿಂದಲೇ 100ಕ್ಕೆ 1 ಸಿಗುತ್ತದೆ, ಲೂಸು ಇಲ್ಲವೆನ್ನುವಷ್ಟು ಕಡಿಮೆ. ನೋಡಲು ಅದ್ಭುತ. ಆದರೆ ಹೊಸದು ದುಬಾರಿ, ಬಿಚ್ಚಿದ ರೋಬಾಟಿನಿಂದ ಬಂದ ಹಳೆಯದು ಎಷ್ಟು ದುಡಿದಿದೆಯೋ ಹೇಳುವಂತಿಲ್ಲ. ಮರದ ಕಂಬಕ್ಕೆ ಇಷ್ಟು ಬೇಕಿಲ್ಲ.

ಹಾಗಾಗಿ ಬೆಲ್ಟ್. 3 ಮಿ.ಮೀ. ಹಲ್ಲಿನಂತರದ, 15 ಮಿ.ಮೀ. ಅಗಲದ ಎಚ್‌ಟಿಡಿ ಬೆಲ್ಟ್ ತೆಗೆದುಕೊಳ್ಳಿ. ಮೋಟಾರಿಗೆ 20 ಹಲ್ಲಿನ ಪುಲ್ಲಿ, ಚಕ್ಕಿನ ಶಾಫ್ಟಿಗೆ 120 ಹಲ್ಲಿನದು. 120 ಹಲ್ಲಿನ ಪುಲ್ಲಿಯ ವ್ಯಾಸ ಸುಮಾರು 115 ಮಿ.ಮೀ. ಅಕ್ಷದ ಕೇಂದ್ರ ಬೆಡ್ಡಿನಿಂದ 65 ಮಿ.ಮೀ. ಎತ್ತರದಲ್ಲಿದ್ದರೆ ಪುಲ್ಲಿಯ ಕೆಳಗೆ ಏಳು ಮಿ.ಮೀ. ಅಷ್ಟೇ ಉಳಿಯುತ್ತದೆ, ಅದರಲ್ಲೇ ಬೆಲ್ಟಿನ ದಪ್ಪವೂ ಹೋಗಬೇಕು. ಚಿತ್ರ ಬರೆಯುವಾಗಲೇ ಇದನ್ನು ನೋಡಿಕೊಳ್ಳಿ. 20 ಹಲ್ಲಿಗಿಂತ ಚಿಕ್ಕ ಪುಲ್ಲಿಗೆ ಹೋಗಬೇಡಿ, ಬೆಲ್ಟ್ ಹಿಡಿಯುವ ಹಲ್ಲುಗಳು ಕಡಿಮೆಯಾಗುತ್ತವೆ. ಮೋಟಾರು ಕೂರಿಸುವ ತೂತುಗಳನ್ನು ಉದ್ದನೆಯ ಸೀಳಾಗಿ ಕೊರೆಸಿ, ಬೆಲ್ಟನ್ನು ಎಳೆದು ಬಿಗಿಯಲು ಅನುಕೂಲ. ಪುಲ್ಲಿಯ ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ತಿರುಪು) ಕೂರುವ ಕಡೆ ಶಾಫ್ಟನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ. ದುಂಡನೆಯ ಶಾಫ್ಟಿನ ಮೇಲೆ ಅದು ಇವತ್ತಲ್ಲ ನಾಳೆ ಜಾರುತ್ತದೆ.

ಆರಕ್ಕೆ ಒಂದರಲ್ಲಿ ಒಂದು ಮೋಸವಿದೆ. ಅದರಿಂದ ನಾನು ಎರಡು ದಿನ ಒದ್ದಾಡಿದ್ದೇನೆ. 8 ಮೈಕ್ರೋಸ್ಟೆಪ್ಪಿನಲ್ಲಿ ಸುತ್ತಿಗೆ 200 × 8 × 6 = 9,600 ಹೆಜ್ಜೆ. ಡಿಗ್ರಿಗೆ 26.6666… ಮುಗಿಯದ ಸಂಖ್ಯೆ. ನಾನು ಕಂಟ್ರೋಲರಿನಲ್ಲಿ 26.67 ಎಂದು ತುಂಬಿದ್ದೆ. ಸಣ್ಣ ಜಾಬುಗಳೆಲ್ಲ ಸರಿಯಾಗಿ ಬಂದವು. ಮೊದಲ ಉದ್ದನೆಯ ಕಂಬ ಇಳಿಸಿ ಬೆಳಕಿಗೆ ಹಿಡಿದರೆ, ಕೆಳಗಿನಿಂದ ಮೇಲಕ್ಕೆ ನೇರ ಹೋಗಬೇಕಾದ ಬಳ್ಳಿ ಹಗ್ಗ ಹೊಸೆದ ಹಾಗೆ ತಿರುಚಿತ್ತು. ಬೆಲ್ಟ್ ಜಾರಿದೆ ಅಂದುಕೊಂಡು ಬಿಗಿದೆ. ಕಪ್ಲಿಂಗ್ ಬಿಚ್ಚಿದೆ. ಡ್ರೈವರ್ ಬದಲಿಸಿದೆ. ಕೊನೆಗೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಹೊಳೆಯಿತು: ಡಿಗ್ರಿಗೆ 0.0033 ಹೆಜ್ಜೆ ಹೆಚ್ಚು, 833 ಸುತ್ತಿಗೆ ಸುಮಾರು ಸಾವಿರ ಹೆಜ್ಜೆ, ಅಂದರೆ 37 ಡಿಗ್ರಿ ತಿರುಚು. 26.667 ಎಂದು ತುಂಬಿದ್ದರೂ 3.7 ಡಿಗ್ರಿ ಉಳಿಯುತ್ತಿತ್ತು, ನಿಮ್ಮ ಕಂಬದಲ್ಲಿ ಅದು ಹತ್ತಿರ ಹತ್ತಿರ 2 ಮಿ.ಮೀ. 26.666667 ಎಂದು ಪೂರ್ತಿ ಬರೆಯಿರಿ. ಕೆಲವು ಕಂಟ್ರೋಲರುಗಳು ಒಳಗೆ ಪೂರ್ತಿ ಇಟ್ಟುಕೊಂಡು ಪರದೆಯಲ್ಲಿ ಮೂರೇ ದಶಮಾಂಶ ತೋರಿಸುತ್ತವೆ. ಆ ಪಟ್ಟಿಯನ್ನು ನಕಲು ಮಾಡಿಟ್ಟು ಮುಂದೊಂದು ದಿನ ವಾಪಸ್ಸು ತುಂಬಿದರೆ ಅದೇ ತಪ್ಪು ಮರಳಿ ಬರುತ್ತದೆ.

ನಿಮಗೆ ತಾಳ್ಮೆ ಇದ್ದರೆ 20ಕ್ಕೆ 60ರ ಬೆಲ್ಟನ್ನು ಎರಡು ಹಂತದಲ್ಲಿ ಹಾಕಿ, ಮೂರು ಮೂರಲಿ ಒಂಬತ್ತು. ಆಗ ಸುತ್ತಿಗೆ 14,400 ಹೆಜ್ಜೆ, ಡಿಗ್ರಿಗೆ ಸರಿಯಾಗಿ 40. ದಶಮಾಂಶದ ಗೋಳೇ ಇಲ್ಲ, ಬಿಗಿಯೂ ಹೆಚ್ಚು. ನಡುವಿನ ಶಾಫ್ಟಿಗೆ ಇನ್ನೆರಡು ಬೇರಿಂಗ್ ಬೇಕಾಗುತ್ತದೆ, ಅಷ್ಟೇ ತೊಂದರೆ. ನಾನಾದರೆ ಈಗ ಒಂಬತ್ತನ್ನೇ ಕಟ್ಟುತ್ತೇನೆ.

ಬೇರಿಂಗಿಗೆ ಬರೋಣ. ಅಂಗಡಿಯಲ್ಲಿ ಕೈಗೆ ಸುಲಭಕ್ಕೆ ಸಿಗುವುದು ಪ್ಲಮ್ಮರ್ ಬ್ಲಾಕ್, ಬಹಳ ಜನ ಅದನ್ನೇ ಹಾಕುತ್ತಾರೆ. ಬೇಡ. ಅದರ ಬೇರಿಂಗು ಗುಂಡನೆಯ ಗೂಡಿನಲ್ಲಿ ತಾನೇ ಹೊಂದಿಕೊಳ್ಳುವಂತೆ ಮಾಡಿದ್ದು, ಹಿಟ್ಟಿನ ಗಿರಣಿಗೂ ಕನ್ವೇಯರಿಗೂ ಸರಿ. ನಿಮಗೆ ಬೇಕಾದದ್ದು ಎರಡು ಟೇಪರ್ ರೋಲರ್ ಬೇರಿಂಗ್. 25 ಮಿ.ಮೀ. ಶಾಫ್ಟಿಗೆ 30205 ಎಂಬ ನಂಬರಿನದು, ಹೊರ ವ್ಯಾಸ 52 ಮಿ.ಮೀ. ಎರಡನ್ನೂ ಎದುರುಬದುರಾಗಿ, 60ರಿಂದ 80 ಮಿ.ಮೀ. ಅಂತರದಲ್ಲಿ ಒಂದೇ ಬ್ಲಾಕಿನಲ್ಲಿ ಕೂರಿಸಿ. ಎರಡೂ ಗೂಡನ್ನು ಲೇತಿನಲ್ಲಿ ಜಾಬು ಬಿಚ್ಚದೆ ಒಂದೇ ಹಿಡಿತದಲ್ಲಿ ಬೋರ್ ಮಾಡಿಸಬೇಕು. ಶಿವಮೊಗ್ಗದಲ್ಲಿ ಒಳ್ಳೆಯ ಟರ್ನರ್‌ಗಳಿದ್ದಾರೆ, ಅವರಿಗೆ ಈ ಒಂದು ಮಾತನ್ನು ಒತ್ತಿ ಹೇಳಿ. ಬೇರಿಂಗ್, ಚಕ್ ಎಲ್ಲ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಿಂದಿನ ನಟ್ಟನ್ನು ಎಷ್ಟು ಬಿಗಿಯಬೇಕು ಅಂದರೆ, ಶಾಫ್ಟನ್ನು ಅಲುಗಾಡಿಸಿದಾಗ ಡಯಲಿನ ಮುಳ್ಳು ಅಲುಗಬಾರದು, ಕೈಯಲ್ಲಿ ತಿರುಗಿಸಿದಾಗ ಬೆಣ್ಣೆ ಕೂಡುವ ಹೊತ್ತಿಗೆ ಕಡೆಗೋಲು ಕೊಡುವಂಥ ತಡೆ ಸಿಗಬೇಕು. ಅಲ್ಲಿಗೆ ನಿಲ್ಲಿಸಿ ಎರಡನೇ ನಟ್ಟಿನಿಂದ ಲಾಕ್ ಮಾಡಿ. ಬೇರಿಂಗ್ ಗೂಡನ್ನು ತ್ರೀಡಿ ಪ್ರಿಂಟ್ ಮಾಡಬೇಡಿ, ಪ್ಲಾಸ್ಟಿಕ್ ಒತ್ತಡಕ್ಕೆ ನಿಧಾನವಾಗಿ ಜಗ್ಗುತ್ತದೆ, ಬಿಗಿದ ಬಿಗಿ ತಿಂಗಳೊಪ್ಪತ್ತಿನಲ್ಲಿ ಹೋಗಿರುತ್ತದೆ.

ಚಕ್ಕಿಗೆ ಬ್ಯಾಕ್‌ಪ್ಲೇಟ್ ಮಾಡಿಸುವಾಗ ಅದರ ಮೂತಿಯನ್ನು ಅರ್ಧ ಮಿ.ಮೀ. ದಪ್ಪ ಬಿಟ್ಟು ತನ್ನಿ. ನಿಮ್ಮ ಅಕ್ಷಕ್ಕೇ ಅದನ್ನು ಬಿಗಿದು, ಅಕ್ಷವನ್ನು ತಿರುಗಿಸುತ್ತಾ ರೌಟರಿನ ಕಟರಿನಿಂದ ಕೊನೆಯ ಅಳತೆಗೆ ಇಳಿಸಿ. ಅಲ್ಯೂಮಿನಿಯಂ ಆದರೆ ನಿಮ್ಮ ಮಷಿನ್ನೇ ಇದನ್ನು ಮಾಡುತ್ತದೆ. ತನ್ನ ಬೇರಿಂಗಿನ ಮೇಲೆ ತಾನೇ ತಿರುಗಿ ಆದ ಮೂತಿ ಕೇಂದ್ರ ತಪ್ಪುವುದಿಲ್ಲ. ಇನ್ನೊಂದು ತುದಿಗೆ ರಿವಾಲ್ವಿಂಗ್ ಸೆಂಟರ್ (ಮರದ ಜೊತೆ ತಿರುಗುವ ಮೊನೆ) ಇರುವ ಟೈಲ್‌ಸ್ಟಾಕ್ ಎಂಬ ಆಸರೆ ಬೇಕೇಬೇಕು. 250 ಮಿ.ಮೀ. ಕಂಬವನ್ನು ಒಂದೇ ಕಡೆ ಹಿಡಿದರೆ ಆ ತುದಿ ನಡುಗುತ್ತದೆ. ಸೆಂಟರನ್ನು ಗಟ್ಟಿಯಾಗಿ ಒತ್ತಬೇಡಿ, ಮರ ಬಾಗುತ್ತದೆ.

ಮಷಿನ್ ಕಟ್ಟುವ ಮೊದಲು ಎತ್ತರದ ಲೆಕ್ಕ ಹಾಕದೆ ಎಷ್ಟೋ ಜನ ಮೋಸ ಹೋಗಿದ್ದಾರೆ. ಕೇಂದ್ರದ ಎತ್ತರ 65, ಕೊರೆಯುವ ಮುನ್ನ ಮರ 80 ಮಿ.ಮೀ. ದಪ್ಪ ಇದ್ದರೆ ಅದರ ಅರ್ಧ 40, ಕೊಲೆಟ್ಟಿನಿಂದ (ಸ್ಪಿಂಡಲ್ಲಿನಲ್ಲಿ ಕಟರ್ ಹಿಡಿಯುವ ಭಾಗ) ಹೊರಗಿರುವ ಕಟರ್ 40, ಮೇಲೆ ಓಡಾಡಲು 5. ಒಟ್ಟು 150 ಮಿ.ಮೀ. ನಿಮ್ಮ ಸ್ಪಿಂಡಲ್ ಪೂರ್ತಿ ಮೇಲಿದ್ದಾಗ ಬೆಡ್ಡಿನಿಂದ ಕೊಲೆಟ್ಟಿನ ಮೂತಿಗೆ ಅಷ್ಟು ಜಾಗ ಇದೆಯೇ? ಸಾಲದಿದ್ದರೆ ಬೆಡ್ಡಿನ ಒಂದು ಪಟ್ಟಿ ತೆಗೆದು ಅಕ್ಷವನ್ನು ಕೆಳಗಿಳಿಸಿ ಕೂರಿಸಬೇಕಾಗುತ್ತದೆ. ಸ್ಕೇಲು ಹಿಡಿದು ಇವತ್ತೇ ಅಳೆಯಿರಿ.

ಸಾಫ್ಟ್‌ವೇರಿನಲ್ಲಿ ಗಮನ ಕೊಡಬೇಕಾದದ್ದು ವೇಗ. ಅಕ್ಷವನ್ನು ಎಕ್ಸ್ ಉದ್ದಕ್ಕೆ ಇಟ್ಟರೆ ಅದರ ಹೆಸರು ಎ, ವೈ ಉದ್ದಕ್ಕೆ ಇಟ್ಟರೆ ಬಿ. ಜಿಆರ್‌ಬಿಎಲ್ ಎಂಬ ಕಂಟ್ರೋಲರ್ ಸಾಫ್ಟ್‌ವೇರಿನ ಮೂಲ ರೂಪ ಮೂರೇ ಅಕ್ಷ ನಡೆಸುತ್ತದೆ. ನಾಲ್ಕನೆಯದಕ್ಕೆ ಜಿಆರ್‌ಬಿಎಲ್‌ಹಾಲ್, ಫ್ಲೂಯಿಡ್‌ಎನ್‌ಸಿ, ಲಿನಕ್ಸ್‌ಸಿಎನ್‌ಸಿ ಇಂಥವು ಬೇಕು. ಲಿನಕ್ಸ್‌ಸಿಎನ್‌ಸಿಯಲ್ಲಿ ಎಕ್ಸ್ ಮತ್ತು ಎ ಒಟ್ಟಿಗೆ ಚಲಿಸುವಾಗ ನೀವು ಕೊಟ್ಟ ವೇಗ ಎಕ್ಸ್‌ಗೆ ಮಾತ್ರ ಅನ್ವಯ. ಎಕ್ಸ್ 0.3 ಮಿ.ಮೀ., ಎ 360 ಡಿಗ್ರಿ, ವೇಗ 600 ಎಂದು ಬರೆದರೆ, 0.3 ಮಿ.ಮೀ.ಗೆ ಬೇಕಾದ 0.03 ಸೆಕೆಂಡಿನಲ್ಲೇ ಪೂರ್ತಿ ಸುತ್ತು ಮುಗಿಸಲು ಹೋಗಿ ಚಕ್ ತನ್ನ ಗರಿಷ್ಠ ವೇಗಕ್ಕೆ ಹಾರುತ್ತದೆ. ಕಟರ್ ಮುರಿಯುವುದು ಹೀಗೆ. ಇದಕ್ಕೆ ಪರಿಹಾರ ಜಿ93: ಆ ಸಾಲಿನ ಚಲನೆಗೆ ಎಷ್ಟು ಸಮಯ ಎಂದು ಪ್ರತಿ ಸಾಲಿನಲ್ಲೂ ಹೇಳುವ ಕ್ರಮ. ಕೋಡ್ ತೆಗೆಯುವ ಪೋಸ್ಟ್ ಪ್ರೊಸೆಸರಿನಲ್ಲಿ ಇದು ಇದೆಯೇ ನೋಡಿಕೊಂಡೇ ಮೊದಲ ಜಾಬು ಹಾಕಿ.

ಹಿತ್ತಾಳೆ ಗೇರಿನ ಕೆಲಸ ಸುಲಭ, ಅಲ್ಲಿ ನಿಂತು ಕೊರೆಯುವುದಷ್ಟೇ. ಐಟಿಐಯಲ್ಲಿ ಮೆಷಿನಿಸ್ಟ್ ಕಲಿತವರನ್ನು ಕೇಳಿ, 40 ಭಾಗಿಸು ಹಲ್ಲು ಎಂಬ ಸೂತ್ರ ಅವರಿಗೆ ಬಾಯಿಪಾಠ: 28 ಹಲ್ಲಿಗೆ ಡಿವೈಡಿಂಗ್ ಹೆಡ್ಡಿನ (ಜಾಬನ್ನು ಸಮ ಭಾಗಗಳಾಗಿ ತಿರುಗಿಸುವ ಉಪಕರಣ) ಹಿಡಿಕೆ ಒಂದು ಸುತ್ತು, ಮೇಲೆ 21 ತೂತಿನ ವೃತ್ತದಲ್ಲಿ 9 ತೂತು. ಅವರು ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಿ ತರುತ್ತಾರೆ, ದಾಟಿದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಬರುತ್ತಾರೆ. ನಿಮ್ಮ ಪ್ರೋಗ್ರಾಮೂ ಹಾಗೇ ಇರಲಿ. ಪ್ರತಿ ಹಲ್ಲಿನ ಕೋನವನ್ನು ಸೊನ್ನೆಯಿಂದ ಲೆಕ್ಕ ಹಾಕಿ ಬರೆಯಿರಿ. ಏಳು ಹಲ್ಲಿಗೆ 51.43 ಅನ್ನು ಏಳು ಸಲ ಕೂಡಿಸಿದರೆ 360 ದಾಟುತ್ತದೆ. ಶಾಫ್ಟಿನ ಸುತ್ತ ಸೀಳಿದ ಬಳೆಯೊಂದನ್ನು ಹಾಕಿ, ಬೋಲ್ಟಿನಿಂದ ಬಿಗಿಯುವ ಲಾಕ್ ಮಾಡಿಕೊಂಡರೆ ಹಿತ್ತಾಳೆಗೆ ಬೇಕಾದ ಗಟ್ಟಿತನ ಸಿಗುತ್ತದೆ. ಬಿಗಿಯುವಾಗ ಅಕ್ಷ ಸರಿಯುತ್ತಿಲ್ಲವೇ ಎಂದು ಮೊದಲ ಸಲ ಡಯಲ್ ಇಟ್ಟು ನೋಡಿ.

ಎಲ್ಲ ಕೂರಿಸಿದ ಮೇಲೆ ಸಾಗುವಾನಿಗೆ ಕೈ ಹಾಕುವ ಮುಂಚೆ ಒಂದು ಪರೀಕ್ಷೆ. ಬೇಡದ ಗಟ್ಟಿ ಮರದ ತುಂಡೊಂದನ್ನು ಚಕ್ಕಿಗೂ ಸೆಂಟರಿಗೂ ನಡುವೆ ಹಿಡಿದು, ಝಡ್ 20 ಮಿ.ಮೀ.ಯಲ್ಲಿ ಮೇಲೆ ಚಪ್ಪಟೆ ಮಾಡಿ, 180 ಡಿಗ್ರಿ ತಿರುಗಿಸಿ ಅಷ್ಟೇ ಎತ್ತರದಲ್ಲಿ ಇನ್ನೊಂದು ಚಪ್ಪಟೆ ಮಾಡಿ. ದಪ್ಪ 40.00 ಬರಬೇಕು. 40.12 ಬಂದರೆ ನಿಮ್ಮ ಝಡ್ ಸೊನ್ನೆ ಕೇಂದ್ರಕ್ಕಿಂತ 0.06 ಮೇಲಿದೆ. ವೈ ಕೇಂದ್ರಕ್ಕೂ ಇದೇ ಉಪಾಯ, ಕಟರಿನ ತಳದ ಬದಲು ಪಕ್ಕದಿಂದ ಕೊರೆಯಿರಿ: ಒಂದೇ ವೈ ಜಾಗದಲ್ಲಿ, 180 ಡಿಗ್ರಿ ತಿರುಗಿಸಿ ಎರಡು ಸಲ. ಆಮೇಲೆ ಮೊದಲು ಮಾಡಿದ ದಪ್ಪವನ್ನೇ ಚಕ್ಕಿನ ಹತ್ತಿರ ಒಮ್ಮೆ, ಟೈಲ್‌ಸ್ಟಾಕಿನ ಹತ್ತಿರ ಒಮ್ಮೆ ವರ್ನಿಯರಿನಲ್ಲಿ ಅಳೆಯಿರಿ. ಟೈಲ್‌ಸ್ಟಾಕಿನ ಕಡೆ 0.2 ಹೆಚ್ಚಿದ್ದರೆ ಆ ತುದಿ 0.1 ಮಿ.ಮೀ. ಕೆಳಗಿದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಹೆಚ್ಚುಕಡಿಮೆ ಅಷ್ಟೇ ದಪ್ಪ. ಕತ್ತರಿಯಲ್ಲಿ ಕತ್ತರಿಸಿ ಟೈಲ್‌ಸ್ಟಾಕಿನ ಅಡಿಗೆ ಕೊಡಿ, ಬೋಲ್ಟ್ ಬಿಗಿದು ಮತ್ತೊಮ್ಮೆ ಕೊರೆದು ಅಳೆಯಿರಿ.